ಗಾಲಿಕುರ್ಚಿಗೆ ದುಡ್ಡುಂಟು, ಟೈರಿಗಿಲ್ಲ: ವಿಕಲಚೇತನರ ಸಾಧನ ಸಲಕರಣೆಗಳ ಹಣಕಾಸಿನ ಲೆಕ್ಕ

ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮ ಎದುರುದಾರನಾಗಿದ್ದ ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2022ರ ಡಿಸೆಂಬರ್‌ನಲ್ಲಿ ಒಂದು ಸರಳ ಲೆಕ್ಕ ಹಾಕಿತು. ಕಾಲು ಕಳೆದುಕೊಂಡಿದ್ದ ವ್ಯಕ್ತಿಗೆ ಬೇಕಾದ ಕೃತಕ ಕಾಲಿನ ಬೆಲೆ 2.60 ಲಕ್ಷ ರೂಪಾಯಿ. ಅದು ಬಾಳುವುದು ಐದಾರು ವರ್ಷ. ನಡುನಡುವೆ ದುರಸ್ತಿಯ ಖರ್ಚು ಬೇರೆ. ಒಂದೇ ಕಾಲಿನ ಬೆಲೆ ಕೊಟ್ಟರೆ ಆರು ವರ್ಷದ ನಂತರ ಆ ವ್ಯಕ್ತಿಯ ಗತಿಯೇನು ಎಂಬುದನ್ನು ಗಮನಕ್ಕೆ ತೆಗೆದುಕೊಂಡ ನ್ಯಾಯಪೀಠವು, ಮುಂದೆ ಬದಲಾಯಿಸಬೇಕಾಗುವ ಕಾಲುಗಳಿಗೂ ಅವುಗಳ ನಿರ್ವಹಣೆಗೂ ಮೊತ್ತ ಸೇರಿಸಿ ಪರಿಹಾರ ನಿಗದಿಪಡಿಸಿತು.

ಅಪಘಾತದ ಮೊಕದ್ದಮೆ ಗೆದ್ದವರಿಗೆ ಸಿಕ್ಕ ಈ ನ್ಯಾಯದ ಲೆಕ್ಕ, ಹುಟ್ಟಿನಿಂದಲೋ ಪೋಲಿಯೊದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಅದೇ ಸ್ಥಿತಿಗೆ ಬಂದವರಿಗೆ ಸಿಗುವುದಿಲ್ಲ. ಅವರು ಸರ್ಕಾರದ ಯೋಜನೆಗಳಿಗೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಗೆ, ದಾನಿಗಳಿಗೆ ಅರ್ಜಿ ಹಾಕಬೇಕು. ಈ ಮೂಲಗಳು ನಮ್ಮಲ್ಲಿ ಕಡಿಮೆಯೇನೂ ಇಲ್ಲ. ಆದರೆ ಇವುಗಳಲ್ಲಿ ಬಹುತೇಕ ಎಲ್ಲವೂ ಒಂದು ವಸ್ತುವನ್ನು ಒಂದು ಸಲ ಕೊಂಡು ಕೊಡುವುದಕ್ಕಾಗಿ ರೂಪುಗೊಂಡಿವೆ. ಸಾಧನವೆಂಬುದು ಅಳತೆ ತೆಗೆಯುವಲ್ಲಿಂದ ಶುರುವಾಗಿ ತರಬೇತಿ, ದುರಸ್ತಿ, ಬದಲಾವಣೆಗಳವರೆಗೆ ವರ್ಷಗಟ್ಟಲೆ ಸಾಗುವ ಸೇವೆ ಎಂಬ ತಿಳಿವಳಿಕೆ ಹಣದ ವ್ಯವಸ್ಥೆಯೊಳಗೆ ಇನ್ನೂ ಇಳಿದಿಲ್ಲ. ಹಣ ಹುಡುಕುವವರ ಕಷ್ಟಗಳಲ್ಲಿ ಹೆಚ್ಚಿನವು ಈ ಒಂದು ಕೊರತೆಯಿಂದ ಹುಟ್ಟುತ್ತವೆ ಎಂಬುದು ಈ ಲೇಖನದ ವಾದ.

ಮೊದಲು ಕಾನೂನು ಏನನ್ನುತ್ತದೆ ಎಂಬುದನ್ನು ನೋಡಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016, ಮರುವರ್ಷದ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 24ನೇ ಸೆಕ್ಷನ್ ಸಾಮಾಜಿಕ ಭದ್ರತೆಯ ಭಾಗವಾಗಿ, ನಿಗದಿತ ಆದಾಯ ಮಿತಿಯೊಳಗಿನವರಿಗೆ ಸಾಧನ ಸಲಕರಣೆಗಳನ್ನು ಉಚಿತವಾಗಿ ಒದಗಿಸುವ ಯೋಜನೆಗಳನ್ನು ಸರ್ಕಾರಗಳು ರೂಪಿಸಬೇಕು ಎನ್ನುತ್ತದೆ. ಹದಿನೆಂಟು ವರ್ಷದವರೆಗಿನ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಹಾಯಕ ಸಾಧನಗಳು ಉಚಿತವಾಗಿ ಸಿಗಬೇಕು ಎನ್ನುವುದು 17ನೇ ಸೆಕ್ಷನ್. ಈ ಎರಡನೆಯದರಲ್ಲಿ ಆದಾಯ ಮಿತಿಯ ಮಾತಿಲ್ಲ ಎಂಬುದನ್ನು ಪೋಷಕರು ಗಮನಿಸಬೇಕು. ಆದರೆ 24ನೇ ಸೆಕ್ಷನ್‌ನ ಆರಂಭದಲ್ಲೇ ಸರ್ಕಾರದ ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ ಎಂಬ ಮಾತನ್ನು ಸೇರಿಸಲಾಗಿದೆ. ಹಕ್ಕಿನ ಭಾಷೆಯಲ್ಲಿ ಬರೆದ ಕಾನೂನು ಕೊನೆಗೆ ಬಜೆಟ್ಟಿನ ಒಂದು ಸಾಲಿಗೆ ಬಂದು ನಿಲ್ಲುವುದು ಇಲ್ಲಿ.

ಆ ಸಾಲಿನ ಹೆಸರು ಎಡಿಐಪಿ. ವಿಕಲಚೇತನರಿಗೆ ಸಾಧನ ಸಲಕರಣೆ ಕೊಳ್ಳಲು ಮತ್ತು ಅಳವಡಿಸಲು ನೆರವು ನೀಡುವ ಕೇಂದ್ರದ ಈ ಯೋಜನೆ 1981ರಿಂದ ನಡೆಯುತ್ತಿದೆ. 2024–25ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ ಇಟ್ಟ ಮೊತ್ತ 315 ಕೋಟಿ ರೂಪಾಯಿ. 2011ರ ಜನಗಣತಿಯ ಪ್ರಕಾರ ದೇಶದ ವಿಕಲಚೇತನರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಆ ಹಳೆಯ ಸಂಖ್ಯೆಯನ್ನೇ ಹಿಡಿದು ಭಾಗಿಸಿದರೂ ತಲಾ ವರ್ಷಕ್ಕೆ ಸುಮಾರು 118 ರೂಪಾಯಿ. ಎಲ್ಲರಿಗೂ ಪ್ರತಿ ವರ್ಷ ಸಾಧನ ಬೇಕಾಗುವುದಿಲ್ಲ, ಎಲ್ಲರೂ ಆದಾಯ ಮಿತಿಯೊಳಗೆ ಬರುವುದಿಲ್ಲ ಎಂಬುದು ನಿಜ. ಹಾಗಿದ್ದೂ, ಜಾತಿ, ಆದಾಯ, ವೈಕಲ್ಯ ಪ್ರಮಾಣಪತ್ರಗಳ ಪ್ರತಿ ತೆಗೆಸಿ ತಾಲ್ಲೂಕು ಕಚೇರಿಗೆ ಹೋಗಿ ಬರುವ ಬಸ್ ಚಾರ್ಜಿಗೇ ಈ ಮೊತ್ತ ಸಾಲದು.

ಎಡಿಐಪಿಯ ನಿಯಮಗಳನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ರಾಜ್ಯದ ಮತ್ತು ಖಾಸಗಿ ನೆರವುಗಳು ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ ರೂಪುಗೊಂಡಿವೆ. ಶೇ 40 ಅಥವಾ ಹೆಚ್ಚಿನ ವೈಕಲ್ಯವಿರಬೇಕು. ಮಾಸಿಕ ಆದಾಯ 22,500 ರೂಪಾಯಿ ಮೀರದವರಿಗೆ ಪೂರ್ಣ ವೆಚ್ಚ, ಅದನ್ನು ಮೀರಿ 30,000ದವರೆಗೆ ಇರುವವರಿಗೆ ಅರ್ಧ ವೆಚ್ಚ ಸಿಗುತ್ತದೆ. ಸಾಮಾನ್ಯ ಸಾಧನಗಳಿಗೆ ಒಂದು ವೆಚ್ಚದ ಮಿತಿಯಿದೆ. 2014ರ ಮಾರ್ಗಸೂಚಿಯಲ್ಲಿ ಅದು 10,000 ರೂಪಾಯಿ ಇತ್ತು, ನಂತರ ಏರಿದೆ. ದುಬಾರಿ ಸಾಧನಗಳ ಬಗ್ಗೆ ಅದೇ ಮಾರ್ಗಸೂಚಿ ಹೇಳಿದ್ದು ಇನ್ನೂ ಮುಖ್ಯ: 20,000 ರೂಪಾಯಿ ಮೀರುವ, ಸಮಿತಿ ಪಟ್ಟಿ ಮಾಡಿದ ಸಾಧನಗಳ ಬೆಲೆಯಲ್ಲಿ ಅರ್ಧವನ್ನು ಕೇಂದ್ರ ಕೊಡುತ್ತದೆ, ಉಳಿದರ್ಧವನ್ನು ರಾಜ್ಯ ಸರ್ಕಾರವೋ ಸ್ವಯಂಸೇವಾ ಸಂಸ್ಥೆಯೋ ಫಲಾನುಭವಿಯೋ ಭರಿಸಬೇಕು. ಒಂದೇ ಮೂಲದಿಂದ ಪೂರ್ತಿ ಹಣ ಬರುವುದಿಲ್ಲ ಎಂಬುದನ್ನು ಯೋಜನೆಯೇ ಒಪ್ಪಿಕೊಂಡಿದೆ. ಆದರೆ ಆ ಇನ್ನೊಂದು ಕೈಯನ್ನು ಹುಡುಕಿ ಜೋಡಿಸುವ ಕೆಲಸ ಯಾರದೆಂದು ಹೇಳಿಲ್ಲವಾದ್ದರಿಂದ ಅದು ಅರ್ಜಿದಾರನ ಹೆಗಲಿಗೇ ಬೀಳುತ್ತದೆ.

ಇನ್ನೊಂದು ನಿಯಮ ಬಹಳ ಮಂದಿಯ ಕಾಲಿಗೆ ತೊಡರುತ್ತದೆ. ಅದೇ ಉದ್ದೇಶಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಸರ್ಕಾರದಿಂದಾಗಲಿ, ಸ್ಥಳೀಯ ಸಂಸ್ಥೆಯಿಂದಾಗಲಿ, ಸ್ವಯಂಸೇವಾ ಸಂಸ್ಥೆಯಿಂದಾಗಲಿ ನೆರವು ಪಡೆದಿರಬಾರದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಈ ಅವಧಿ ಒಂದು ವರ್ಷ. ಮಕ್ಕಳು ಬೆಳೆಯುತ್ತಾರೆ ಎಂಬುದನ್ನು ನಿಯಮ ಬರೆದವರು ಗ್ರಹಿಸಿದ್ದು ಮೆಚ್ಚತಕ್ಕದ್ದೇ. ಆದರೆ ಊರಿನ ಜಾತ್ರೆಯಲ್ಲೋ ಜನ್ಮದಿನದ ಸಮಾರಂಭದಲ್ಲೋ ಯಾರೋ ದಾನಿಗಳು ಸಾಲಾಗಿ ಹಂಚಿದ, ಬೆನ್ನಿಗೆ ದಾನಿಯ ಹೆಸರು ಬರೆಸಿಕೊಂಡ, ಅಳತೆಗೆ ಒಗ್ಗದ ಗಾಲಿಕುರ್ಚಿಯೊಂದನ್ನು ಸಂಸ್ಥೆಯ ಮೂಲಕ ಸಹಿ ಹಾಕಿ ಪಡೆದವರು, ತಮಗೆ ಸರಿಹೊಂದುವ ಕುರ್ಚಿಗಾಗಿ ಮೂರು ವರ್ಷ ಕಾಯಬೇಕಾದ ಸ್ಥಿತಿಗೆ ಬರಬಹುದು. ಯಾವ ನೆರವನ್ನು ಮೊದಲು ಪಡೆಯಬೇಕು, ಯಾವುದನ್ನು ನಯವಾಗಿ ನಿರಾಕರಿಸಬೇಕು ಎಂಬುದೂ ಹಣ ಹುಡುಕುವ ವಿದ್ಯೆಯ ಭಾಗ. ಪುಕ್ಕಟೆ ಬಂದದ್ದನ್ನು ಬೇಡವೆನ್ನುವುದು ಬಡ ಕುಟುಂಬಕ್ಕೆ ಎಷ್ಟು ಕಷ್ಟ ಎಂಬುದನ್ನು ಬಲ್ಲವರು ಬಲ್ಲರು.

ಗಾಲಿಕುರ್ಚಿಯ ವಿಷಯದಲ್ಲಿ ಈ ಕೊರತೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಸಂಪನ್ಮೂಲ ಕಡಿಮೆಯಿರುವ ದೇಶಗಳಲ್ಲಿ ಕೈಯಿಂದ ನಡೆಸುವ ಗಾಲಿಕುರ್ಚಿಗಳನ್ನು ಹೇಗೆ ಒದಗಿಸಬೇಕು ಎಂಬುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಎಂಟು ಹಂತಗಳಿವೆ: ಅಗತ್ಯವಿರುವವರನ್ನು ಗುರುತಿಸಿ ಕಳುಹಿಸುವುದು, ಪರೀಕ್ಷೆ, ಶಿಫಾರಸು, ಹಣದ ಏರ್ಪಾಡು ಮತ್ತು ಖರೀದಿ, ಕುರ್ಚಿಯನ್ನು ಸಜ್ಜುಗೊಳಿಸುವುದು, ದೇಹಕ್ಕೆ ಹೊಂದಿಸುವುದು, ಬಳಕೆಯ ತರಬೇತಿ, ಆಮೇಲಿನ ನಿರ್ವಹಣೆ ಮತ್ತು ದುರಸ್ತಿ. ಹಣದ ಏರ್ಪಾಡು ಈ ಎಂಟರಲ್ಲಿ ನಾಲ್ಕನೆಯ ಹಂತ ಮಾತ್ರ. ನಮ್ಮ ವ್ಯವಸ್ಥೆ ಆ ನಾಲ್ಕನೆಯದಕ್ಕೆ ಹಣ ಕೊಡುತ್ತದೆ. ಅದರ ಆಚೀಚೆಯ ಹಂತಗಳನ್ನು ಒಂದು ಶಿಬಿರದ ಬಿಡುವಿಲ್ಲದ ದಿನದೊಳಗೆ ತುರುಕುತ್ತದೆ ಅಥವಾ ಬಿಟ್ಟೇಬಿಡುತ್ತದೆ. ಅಳತೆ ತಪ್ಪಿದ ಕುರ್ಚಿಯಲ್ಲಿ ದಿನವಿಡೀ ಕೂತ ಬೆನ್ನುಹುರಿಯ ಗಾಯಾಳುವಿಗೆ ಸ್ಪರ್ಶಜ್ಞಾನವಿಲ್ಲದ ಜಾಗದಲ್ಲಿ ಒತ್ತಡದ ಹುಣ್ಣಾಗುತ್ತದೆ, ಹುಣ್ಣಿನ ಚಿಕಿತ್ಸೆಗೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತದೆ. ಆ ಆಸ್ಪತ್ರೆಯ ಖರ್ಚು ಸಾಧನ ಸಲಕರಣೆಯ ಲೆಕ್ಕಶೀರ್ಷಿಕೆಯಲ್ಲಿ ಬರುವುದಿಲ್ಲವಾದ್ದರಿಂದ ಕುರ್ಚಿ ಅಗ್ಗವಾಗಿ ದೊರೆಯಿತು ಎಂದೇ ದಾಖಲಾಗುತ್ತದೆ.

ಎಡಿಐಪಿಯ ಸಾಧನಗಳನ್ನು ಹೆಚ್ಚಾಗಿ ತಯಾರಿಸಿ ಹಂಚುವುದು ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಅಲಿಮ್ಕೊ ಎಂಬ ಕೇಂದ್ರ ಸರ್ಕಾರದ ಉದ್ಯಮ. ಬೆಂಗಳೂರಿನಲ್ಲೂ ಅದರ ಉತ್ಪಾದನಾ ಘಟಕವಿದೆ. ಮೊದಲು ತಪಾಸಣಾ ಶಿಬಿರ, ಕೆಲವು ತಿಂಗಳ ನಂತರ ವಿತರಣಾ ಶಿಬಿರ ಎಂಬುದು ರೂಢಿಯ ಕ್ರಮ. ದೂರದ ತಾಲ್ಲೂಕುಗಳಿಗೆ ತಜ್ಞರನ್ನು ಒಯ್ಯಲು ಶಿಬಿರದಷ್ಟು ಅನುಕೂಲದ ವಿಧಾನ ಬೇರೊಂದಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ವಿತರಣೆಯ ದಿನ ವೇದಿಕೆ, ಗಣ್ಯರು, ಛಾಯಾಚಿತ್ರ ಎಲ್ಲವೂ ಮುಗಿದ ಮೇಲೆ ಶಿಬಿರ ಎದ್ದುಹೋಗುತ್ತದೆ, ಕುರ್ಚಿ ಉಳಿಯುತ್ತದೆ. ಬೇರಿಂಗ್ ಸವೆದಾಗ ಹೋಗಲು ಒಂದು ಕಾಯಂ ವಿಳಾಸ ಬೇಕು. ಪ್ರಧಾನ ಮಂತ್ರಿ ದಿವ್ಯಾಶಾ ಕೇಂದ್ರಗಳೆಂಬ ಹೆಸರಿನಲ್ಲಿ ಅಲಿಮ್ಕೊ ದೇಶದ ಹಲವೆಡೆ ಸ್ಥಿರ ಕೇಂದ್ರಗಳನ್ನು ತೆರೆಯತೊಡಗಿರುವುದು ಈ ದೃಷ್ಟಿಯಿಂದ ಸರಿಯಾದ ದಿಕ್ಕಿನ ಹೆಜ್ಜೆ. ಬಡ ಹಿರಿಯ ನಾಗರಿಕರಿಗೆ ಊರುಗೋಲು, ಶ್ರವಣ ಸಾಧನ, ಕನ್ನಡಕ ಕೊಡುವ, 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನೂ ಇದೇ ಸಂಸ್ಥೆ ನಡೆಸುತ್ತದೆ. ಶೇ 40ರ ಪ್ರಮಾಣಪತ್ರ ಸಿಗದ ವೃದ್ಧರು ಆ ದಾರಿಯನ್ನು ನೋಡಬಹುದು.

ಮಾರುಕಟ್ಟೆಯಲ್ಲಿ ಈಗ ಬಂದಿರುವ ಒಳ್ಳೆಯ ಸಾಧನಗಳಿಗೂ ಯೋಜನೆಗಳ ಮಿತಿಗೂ ನಡುವಿನ ಅಂತರವನ್ನು ಒಂದು ಉದಾಹರಣೆ ತೋರಿಸಬಲ್ಲದು. ಮದ್ರಾಸ್ ಐಐಟಿಯ ಸಂಶೋಧನೆಯಿಂದ ಹುಟ್ಟಿದ ನಿಯೋಫ್ಲೈ ಎಂಬ ಕುರ್ಚಿಯನ್ನು ಬಳಸುವವರ ಮೈಕಟ್ಟಿಗೆ ತಕ್ಕಂತೆ ಹೊಂದಿಸಿ ಕೊಡುತ್ತಾರೆ. ನಿಯೋಬೋಲ್ಟ್ ಎಂಬ ಮೋಟಾರು ಭಾಗವನ್ನು ಮುಂದೆ ಜೋಡಿಸಿದರೆ ಅದೇ ಕುರ್ಚಿ ರಸ್ತೆಯ ಮೇಲೆ ಓಡುವ ವಾಹನವಾಗುತ್ತದೆ. 2020ರಲ್ಲಿ ಬಿಡುಗಡೆಯಾದಾಗ ಎರಡರ ಒಟ್ಟು ಬೆಲೆ ಸುಮಾರು 95,000 ರೂಪಾಯಿ. ವಿದೇಶದಿಂದ ತರಿಸುವ ಇಂಥ ಸಾಧನಗಳ ಬೆಲೆಗೆ ಹೋಲಿಸಿದರೆ ಇದು ಬಹಳ ಕಡಿಮೆ. ಆದರೆ ತಿಂಗಳಿಗೆ 22,500ರೊಳಗೆ ದುಡಿಯುವ ಮನೆಗೆ ಇದು ನಾಲ್ಕು ತಿಂಗಳಿಗೂ ಮೀರಿದ ಸಂಪೂರ್ಣ ಆದಾಯ. ಕೆಲಸಕ್ಕೆ ಹೋಗಲು ವಾಹನ ಬೇಕು, ವಾಹನ ಕೊಳ್ಳಲು ಕೆಲಸ ಬೇಕು ಎಂಬ ಸ್ಥಿತಿಯಲ್ಲಿರುವವರಿಗೆ ಸಾಲವೂ ಒಂದು ಮೂಲವೇ. 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿಕಲಚೇತನರ ಹಣಕಾಸು ಮತ್ತು ಅಭಿವೃದ್ಧಿ ನಿಗಮದ ಸಾಲ ಯೋಜನೆ ಸ್ವಂತ ಉದ್ಯೋಗಕ್ಕಷ್ಟೇ ಸೀಮಿತ ಎಂದು ಅನೇಕರು ತಿಳಿದಿದ್ದಾರೆ. ದುಡಿಮೆಗೂ ಓಡಾಟಕ್ಕೂ ನೆರವಾಗುವ ಸಾಧನ ಕೊಳ್ಳಲು ಅಥವಾ ವಾಹನವನ್ನು ಮಾರ್ಪಡಿಸಿಕೊಳ್ಳಲು ಕೂಡ ಅದು ರಿಯಾಯಿತಿ ಬಡ್ಡಿಯಲ್ಲಿ ಸಾಲ ಕೊಡುತ್ತದೆ.

ಶ್ರವಣದ ಕ್ಷೇತ್ರದಲ್ಲಿ ಕರ್ನಾಟಕಕ್ಕೆ ಒಂದು ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಸಾಧನದ ಆಯ್ಕೆ, ಕಿವಿಯಚ್ಚು, ಮಾತಿನ ತರಬೇತಿ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತವೆ, ಎಡಿಐಪಿಯ ನೆರವೂ ಅಲ್ಲಿ ಲಭ್ಯ. ಸಾಧನವನ್ನು ಸೇವೆಯಾಗಿ ನೋಡುವುದೆಂದರೇನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಮಾದರಿ ನಮಗಿಲ್ಲ. ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಕೂರಿಸುವ ಶ್ರವಣ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್‌ಗೆ ಎಡಿಐಪಿಯ 2014ರ ಮಾರ್ಗಸೂಚಿ ಪ್ರತಿ ಮಗುವಿಗೆ 6 ಲಕ್ಷ ರೂಪಾಯಿಯವರೆಗೆ ಅವಕಾಶ ಮಾಡಿಕೊಟ್ಟಿತು. ಸಾಧನದ ಬೆಲೆಯ ಜೊತೆಗೆ ಶಸ್ತ್ರಚಿಕಿತ್ಸೆ ಮತ್ತು ನಂತರದ ತರಬೇತಿಯನ್ನೂ ಒಳಗೊಂಡಿದ್ದರಿಂದ ಅದು ಇತರ ಸಾಧನಗಳ ಯೋಜನೆಗಿಂತ ಒಂದು ಹೆಜ್ಜೆ ಮುಂದಿತ್ತು. ತೊಡಕು ಬರುವುದು ಕೆಲವು ವರ್ಷಗಳ ನಂತರ. ಕಿವಿಯ ಹಿಂದೆ ಹೊರಗಡೆ ಧರಿಸುವ ಪ್ರೊಸೆಸರ್ ಹಳೆಯದಾಗುತ್ತದೆ, ಅದರ ತಂತಿ, ಬ್ಯಾಟರಿ, ಕಾಯಿಲ್ ಪದೇ ಪದೇ ಕೈಕೊಡುತ್ತವೆ, ವಾರಂಟಿ ಮುಗಿದಿರುತ್ತದೆ, ಹೊಸ ಪ್ರೊಸೆಸರ್‌ಗೆ ಲಕ್ಷಗಳ ಲೆಕ್ಕದಲ್ಲಿ ಹಣ ಬೇಕಾಗುತ್ತದೆ. ಒಳಗೆ ಕೂರಿಸಿದ ಭಾಗ ಸುಸ್ಥಿತಿಯಲ್ಲಿದ್ದೂ ಹೊರಗಿನ ಭಾಗವಿಲ್ಲದೆ ಮಗು ಮತ್ತೆ ನಿಶ್ಶಬ್ದಕ್ಕೆ ಮರಳಿದರೆ ಮೊದಲು ಖರ್ಚು ಮಾಡಿದ ಆರು ಲಕ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಶಸ್ತ್ರಚಿಕಿತ್ಸೆಗೆ ದಾನಿಗಳನ್ನು ಹುಡುಕುವ ಪೋಷಕರು ಹತ್ತು ವರ್ಷದ ಬಿಡಿಭಾಗಗಳ ಅಂದಾಜನ್ನು ಅದೇ ಅರ್ಜಿಯಲ್ಲಿ ಸೇರಿಸುವುದು ಒಳಿತು.

ಶಾಲೆಗೆ ಹೋಗುವ ಮಕ್ಕಳಿಗೆ ಸಮಗ್ರ ಶಿಕ್ಷಣ ಅಭಿಯಾನದಲ್ಲಿ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿಯ ಪ್ರಮಾಣದಲ್ಲಿ ಸಮನ್ವಯ ಶಿಕ್ಷಣದ ನಿಧಿಯಿದೆ. ಅಭಿಯಾನದ ಮೂಲಕ ಕೊಡುವ ಸಾಧನಗಳ ವೆಚ್ಚವನ್ನು ಎಡಿಐಪಿ ಮತ್ತು ಅಭಿಯಾನ 60:40ರ ಅನುಪಾತದಲ್ಲಿ ಹಂಚಿಕೊಳ್ಳುವ ಏರ್ಪಾಡೂ ಇದೆ. ಇದನ್ನು ಪಡೆಯಲು ಮುಖ್ಯ ಶಿಕ್ಷಕರ ಮೂಲಕ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ ಹೋಗಬೇಕು.

ಉದ್ಯೋಗದಲ್ಲಿರುವವರು ಮೊದಲು ಕೇಳಬೇಕಾದದ್ದು ಮಾಲೀಕರನ್ನು ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಕಾಯ್ದೆಯ ಅಡಿಯ 2017ರ ನಿಯಮಗಳ ಪ್ರಕಾರ ಇಪ್ಪತ್ತು ಅಥವಾ ಹೆಚ್ಚಿನ ನೌಕರರಿರುವ ಖಾಸಗಿ ಸಂಸ್ಥೆಯ ಸಮಾನ ಅವಕಾಶ ನೀತಿಯಲ್ಲಿ ಸಹಾಯಕ ಸಾಧನಗಳ ಏರ್ಪಾಡು ನಮೂದಾಗಿರಬೇಕು. ಕೇಂದ್ರ ಸರ್ಕಾರಿ ನೌಕರರಿಗೆ ಸಂಬಂಧಿಸಿದ 2014ರ ಮಾರ್ಚ್ 31ರ ಸುತ್ತೋಲೆ, ಇಲಾಖೆಗಳು ಇಂಥ ಸಾಧನಗಳನ್ನು ಒದಗಿಸಬೇಕು ಅಥವಾ ಅವುಗಳ ವೆಚ್ಚ ಮರುಪಾವತಿಸಬೇಕು ಎನ್ನುತ್ತದೆ. ಇಎಸ್‌ಐ ವಿಮಾದಾರ ಕಾರ್ಮಿಕರಿಗೆ ಕೃತಕ ಅವಯವ ವೈದ್ಯಕೀಯ ಸೌಲಭ್ಯದ ಭಾಗವಾಗಿಯೇ ಸಿಗುತ್ತದೆ. ಇವುಗಳಲ್ಲಿ ಯಾವುದೂ ದಾನವಲ್ಲ. ಲಿಖಿತ ಮನವಿ ಕೊಟ್ಟು ಲಿಖಿತ ಉತ್ತರ ಕೇಳಬಹುದಾದ ಬಾಧ್ಯತೆಗಳು.

ಮಧ್ಯಮ ವರ್ಗದ ಪಾಡು ಬೇರೆ. ಮಾಸಿಕ 30,000 ದಾಟಿದ ಕುಟುಂಬಕ್ಕೆ ಎಡಿಐಪಿಯ ಬಾಗಿಲು ಮುಚ್ಚಿದೆ. ಆರೋಗ್ಯ ವಿಮೆ ಆಸ್ಪತ್ರೆಯ ದಾಖಲಾತಿಗೆ ಹಣ ಕೊಡುತ್ತದೆಯೇ ಹೊರತು ಊರುಗೋಲು, ಶ್ರವಣ ಸಾಧನ, ಗಾಲಿಕುರ್ಚಿಗಳನ್ನು ಸಾಮಾನ್ಯವಾಗಿ ಹೊರಗಿಡುತ್ತದೆ: ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ವಿಮೆಯುಂಟು, ಮತ್ತೆ ನಡೆಯುವುದಕ್ಕಿಲ್ಲ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ 80ಡಿಡಿ ಮತ್ತು 80ಯು ಸೆಕ್ಷನ್‌ಗಳಡಿ 75,000 ರೂಪಾಯಿ, ಶೇ 80 ಅಥವಾ ಅದಕ್ಕಿಂತ ಹೆಚ್ಚಿನ ತೀವ್ರ ವೈಕಲ್ಯಕ್ಕೆ 1.25 ಲಕ್ಷ ರೂಪಾಯಿಯ ಕಡಿತ ಸಿಗುತ್ತಿತ್ತು. 2023–24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ಪದ್ಧತಿಯಲ್ಲಿ ಈ ಎರಡೂ ಕಡಿತಗಳಿಲ್ಲ. ಎಲ್ಲರಿಗೂ ತೆರಿಗೆ ದರ ಇಳಿಸಿದ್ದೇವೆ, ಕಡಿತಗಳೇಕೆ ಎಂಬುದು ಸರ್ಕಾರದ ತರ್ಕ. ಆದರೆ ಉಳಿದ ಕಡಿತಗಳಲ್ಲಿ ಹಲವು ಉಳಿತಾಯದ ಪ್ರೋತ್ಸಾಹಕ್ಕೆ ಇದ್ದವು. ಇದು ಅನಿವಾರ್ಯ ಖರ್ಚಿನ ಮನ್ನಣೆಯಾಗಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಸರಕು ಮತ್ತು ಸೇವಾ ತೆರಿಗೆಯ ವಿವಾದ ಇಷ್ಟು ಸರಳವಲ್ಲ. 2017ರಲ್ಲಿ ಗಾಲಿಕುರ್ಚಿ, ಬ್ರೈಲ್ ಯಂತ್ರ ಮುಂತಾದವುಗಳ ಮೇಲೆ ಶೇ 5 ತೆರಿಗೆ ಬಿದ್ದಾಗ, ನಡೆಯುವುದಕ್ಕೂ ಓದುವುದಕ್ಕೂ ತೆರಿಗೆಯೇ ಎಂಬ ಪ್ರತಿಭಟನೆ ಎದ್ದಿತು. ವಿಕಲಚೇತನರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ತೆರಿಗೆಯನ್ನು ಪೂರ್ತಿ ತೆಗೆದರೆ ಇಲ್ಲಿನ ತಯಾರಕರು ಕಚ್ಚಾವಸ್ತುಗಳ ಮೇಲೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯಲಾಗದು, ಆಗ ಆಮದು ವಸ್ತುಗಳೇ ಅಗ್ಗವಾಗುತ್ತವೆ ಎಂಬುದು ಹಣಕಾಸು ಸಚಿವಾಲಯದ ಉತ್ತರ. ವಾದದಲ್ಲಿ ಹುರುಳಿದೆ. ತೆರಿಗೆ ವಿನಾಯಿತಿ ಎಂದರೆ ಬೆಲೆ ಇಳಿದೇ ತೀರುತ್ತದೆ ಎಂದು ಭಾವಿಸಲಾಗದು. ಆದರೆ ಕಚ್ಚಾವಸ್ತುವಿನ ತೆರಿಗೆಯನ್ನು ಮರಳಿ ಕೊಡುವಂಥ ಶೂನ್ಯ ದರ ರಫ್ತಿಗೆ ಅನ್ವಯಿಸುವಾಗ ಗಾಲಿಕುರ್ಚಿಗೇಕೆ ಆಗದು ಎಂಬ ಪ್ರಶ್ನೆ ಉಳಿದೇ ಇದೆ.

ಕಂಪನಿಗಳ ಹಣಕ್ಕೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ವೈಯಕ್ತಿಕವಾಗಿ ಕಂಪನಿಗೆ ಪತ್ರ ಬರೆದರೆ ಉತ್ತರ ಬರುವುದು ಅಪರೂಪ, ಏಕೆಂದರೆ ಈ ಹಣ ಯೋಜನೆಯ ರೂಪದಲ್ಲಿ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳ ಮೂಲಕ ಹರಿಯುತ್ತದೆ. ಆದ್ದರಿಂದ ವ್ಯಕ್ತಿಗಳು ಈ ಕ್ಷೇತ್ರದಲ್ಲಿ ಪಳಗಿದ ಸಂಸ್ಥೆಗಳ ಮೂಲಕ ಹೋಗುವುದು ಲೇಸು. ಬೆಂಗಳೂರಿನಲ್ಲೇ 1959ರಿಂದ ಕೆಲಸ ಮಾಡುತ್ತಿರುವ ಅಸೋಸಿಯೇಶನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಇವೆ. ಎರಡನೆಯದು ಕೃತಕ ಅವಯವ ತಯಾರಿಕೆಯ ಜೊತೆಗೆ ಅದರ ತಂತ್ರಜ್ಞರನ್ನೂ ತರಬೇತುಗೊಳಿಸುತ್ತದೆ. ಸಂಸ್ಥೆಗಳಿಗೆ ಒಂದು ಮಾತು. ಎಷ್ಟು ಜನರಿಗೆ ಕೊಟ್ಟಿರಿ ಎಂಬ ಸಂಖ್ಯೆಯನ್ನೇ ಕಂಪನಿಗಳು ಕೇಳುತ್ತವೆ, ಮಾರ್ಚ್ 31ರೊಳಗೆ ಖರ್ಚು ತೋರಿಸಲು ಅವಸರಪಡುತ್ತವೆ ಎಂಬ ದೂರು ಸುಳ್ಳಲ್ಲ. ಆದರೆ ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮದ ಭಯದಿಂದ ಅಳತೆ, ಹೊಂದಾಣಿಕೆ, ತರಬೇತಿಗಳನ್ನು ಪ್ರಸ್ತಾವದಿಂದ ಕೈಬಿಡಬೇಕಾಗಿಲ್ಲ. ಆ ಮಿತಿ ಇರುವುದು ಕಂಪನಿಯ ಸಾಮಾನ್ಯ ಆಡಳಿತ ಖರ್ಚಿಗೆ. ಯೋಜನೆಯ ಅನುಷ್ಠಾನಕ್ಕೆ ನೇರವಾಗಿ ತಗಲುವ ವೆಚ್ಚ ಅದರೊಳಗೆ ಬರುವುದಿಲ್ಲ. ನೂರು ಕುರ್ಚಿಗಳ ಬದಲು ಅರವತ್ತು ಕುರ್ಚಿ ಮತ್ತು ಮೂರು ವರ್ಷದ ದುರಸ್ತಿ ಎಂಬ ಪ್ರಸ್ತಾವವನ್ನು ಧೈರ್ಯವಾಗಿ ಮುಂದಿಡಬೇಕು.

ಜಾಲತಾಣಗಳಲ್ಲಿ ಸಾರ್ವಜನಿಕ ದೇಣಿಗೆ ಎತ್ತುವ ವಿಧಾನವನ್ನು ನಾನು ಕೊನೆಯ ದಾರಿಯೆಂದೇ ಪರಿಗಣಿಸುತ್ತೇನೆ. ಜೀವ ಉಳಿಸುವ ಶಸ್ತ್ರಚಿಕಿತ್ಸೆಗೆ ಜನ ಮಿಡಿಯುವಂತೆ ಶ್ರವಣ ಸಾಧನಕ್ಕೆ ಮಿಡಿಯುವುದಿಲ್ಲ, ಮಿಡಿಯುವಂತೆ ಮಾಡಲು ಹೋದರೆ ವ್ಯಕ್ತಿಯನ್ನು ಕನಿಕರದ ಚಿತ್ರವಾಗಿಸಬೇಕಾಗುತ್ತದೆ.

ತಂತ್ರಾಂಶದ ಲೋಕದಲ್ಲಿ ಹಣದ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಅಂಧರಿಗೆ ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಜಾಸ್ ತಂತ್ರಾಂಶದ ಪರವಾನಗಿ ದುಬಾರಿ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಆರಂಭಿಸಿದ, ಅದೇ ಕೆಲಸ ಮಾಡುವ ಎನ್‌ವಿಡಿಎ ಮುಕ್ತ ಮತ್ತು ಉಚಿತ, ಇಸ್ಪೀಕ್ ಎಂಬ ಕೃತಕ ಧ್ವನಿಯ ಮೂಲಕ ಕನ್ನಡವನ್ನೂ ಓದುತ್ತದೆ. ಆದರೆ ಆ ಧ್ವನಿ ಯಾಂತ್ರಿಕ. ತಾಸುಗಟ್ಟಲೆ ಪಠ್ಯಪುಸ್ತಕ ಕೇಳಬೇಕಾದ ವಿದ್ಯಾರ್ಥಿಗೆ ಆಯಾಸ. ಅಂಧ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿದೆ, ಅದು ಒಳ್ಳೆಯದೇ. ಒಂದೊಂದು ಲ್ಯಾಪ್‌ಟಾಪಿಗೂ ಮತ್ತೆ ಮತ್ತೆ ಹಣ ಬೇಕು. ಸಹಜವಾದ ಕನ್ನಡ ಧ್ವನಿ, ಮುದ್ರಿತ ಕನ್ನಡವನ್ನು ಪಠ್ಯವಾಗಿಸುವ ತಂತ್ರಾಂಶ ಇವುಗಳಿಗೆ ಒಮ್ಮೆ ಹೂಡಿ ಮುಕ್ತವಾಗಿ ಬಿಟ್ಟರೆ ಮೈಸೂರಿನ ವಿದ್ಯಾರ್ಥಿಗೂ ಮಸ್ಕತ್ತಿನಲ್ಲಿರುವ ಕನ್ನಡಿಗನಿಗೂ ಹೆಚ್ಚುವರಿ ಖರ್ಚಿಲ್ಲದೆ ದಕ್ಕುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ರೂಪಿಸಿದ ಲಿಪಿಜ್ಞಾನಿ ಎಂಬ ಕನ್ನಡ ಅಕ್ಷರ ಗುರುತಿಸುವ ತಂತ್ರಾಂಶ ಇಂಥ ಕೆಲಸ ಇಲ್ಲಿಯೇ ಸಾಧ್ಯವೆಂದು ತೋರಿಸಿದೆ. ಸಾಧನ ಹಂಚಿಕೆಯ ಬಜೆಟ್ಟಿನಲ್ಲಿ ಇಂಥ ಸಾರ್ವಜನಿಕ ಸೊತ್ತಿಗೆ ಒಂದು ಪಾಲು ಮೀಸಲಿಡುವುದು, ಖರ್ಚಿನ ದೃಷ್ಟಿಯಿಂದಲೇ ನೋಡಿದರೂ, ಜಾಣ ನಿರ್ಧಾರ.

ವಸ್ತುವನ್ನು ವ್ಯಕ್ತಿಗೆ ಕೊಟ್ಟುಬಿಡಲೇಬೇಕೆಂಬ ನಿಯಮವೂ ಎಲ್ಲ ಕಡೆ ಇಲ್ಲ. ನಾರ್ವೆಯಲ್ಲಿ ಬಹುಪಾಲು ಸಾಧನಗಳು ಸರ್ಕಾರದ ಸ್ವತ್ತು. ಬೇಕಾದವರಿಗೆ ಸಹಾಯಕ ಸಾಧನಗಳ ಕೇಂದ್ರಗಳು ಅವನ್ನು ಎರವಲು ಕೊಡುತ್ತವೆ, ಕೆಟ್ಟರೆ ದುರಸ್ತಿ ಮಾಡುತ್ತವೆ, ಅಗತ್ಯ ಮುಗಿದ ಮೇಲೆ ಹಿಂಪಡೆದು ಸ್ವಚ್ಛಗೊಳಿಸಿ ಇನ್ನೊಬ್ಬರಿಗೆ ಒದಗಿಸುತ್ತವೆ. ಅಮೆರಿಕದಲ್ಲಿ 1998ರ ಸಹಾಯಕ ತಂತ್ರಜ್ಞಾನ ಕಾಯ್ದೆಯಡಿ ಪ್ರತಿ ರಾಜ್ಯದಲ್ಲೂ ಸಾಧನವನ್ನು ಕೆಲಕಾಲ ಬಳಸಿ ನೋಡುವ, ಹಳೆಯದನ್ನು ಮರುಬಳಸುವ ವ್ಯವಸ್ಥೆ ಬೆಳೆದಿದೆ. ಕೊಳ್ಳುವ ಮೊದಲು ಬಳಸಿ ನೋಡುವ ಅವಕಾಶವಿದ್ದರೆ ಅಟ್ಟ ಸೇರುವ ಸಾಧನಗಳ ಸಂಖ್ಯೆ ನಮ್ಮಲ್ಲೂ ಬಹಳ ಇಳಿಯುತ್ತದೆ. ಮಕ್ಕಳ ಗಾಲಿಕುರ್ಚಿ, ವಾಕರ್, ಬೂಟುಗಳನ್ನು ಬೆಳೆದ ಮಗುವಿನಿಂದ ಬೆಳೆಯುತ್ತಿರುವ ಮಗುವಿಗೆ ದಾಟಿಸುವ ಒಂದು ಸರಳ ದಾಸ್ತಾನು ಜಿಲ್ಲಾ ಅಂಗವಿಕಲರ ಪುನರ್ವಸತಿ ಕೇಂದ್ರಗಳಲ್ಲಿ ಇರಬಾರದೇಕೆ?

ಇಷ್ಟೆಲ್ಲ ಮೂಲಗಳ ನಡುವೆ ಹೆಚ್ಚು ಹತ್ತಿರದ್ದು, ಹೆಚ್ಚು ಮರೆತುಹೋಗಿರುವುದು ಪಂಚಾಯಿತಿಯ ಹಣ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯೂ ನಗರ ಸ್ಥಳೀಯ ಸಂಸ್ಥೆಗಳೂ ತಮ್ಮ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಹಿಂದೆ ಇದು ಶೇ 3 ಇತ್ತು. ಮೊತ್ತ ಚಿಕ್ಕದು, ಸಣ್ಣ ಪಂಚಾಯಿತಿಯಲ್ಲಿ ಅದರಿಂದ ಒಂದು ಮೋಟಾರು ವಾಹನ ಕೊಳ್ಳುವುದೂ ಕಷ್ಟ. ಹಾಗಾಗಿ ಅದು ಹಲವು ಕಡೆ ಖರ್ಚಾಗದೆ ಉಳಿಯುತ್ತದೆ ಅಥವಾ ವರ್ಷದ ಕೊನೆಯಲ್ಲಿ ಎಲ್ಲರಿಗೂ ಒಂದೇ ಬಗೆಯ ಕಿಟ್ ಹಂಚುವುದರಲ್ಲಿ ಕರಗುತ್ತದೆ. ಆದರೆ ದೊಡ್ಡ ಯೋಜನೆಗಳು ಯಾವುದಕ್ಕೆ ಹಣ ಕೊಡುವುದಿಲ್ಲವೋ ಅದಕ್ಕೆ ಈ ಚಿಕ್ಕ ಮೊತ್ತ ಸರಿಯಾಗಿ ಹೊಂದುತ್ತದೆ: ಟೈರು, ಟ್ಯೂಬು, ಬೇರಿಂಗ್, ತ್ರಿಚಕ್ರ ವಾಹನದ ಬ್ಯಾಟರಿ, ಶ್ರವಣ ಸಾಧನದ ಸೆಲ್ಲು, ಊರುಗೋಲಿನ ತುದಿಯ ರಬ್ಬರು, ಕೃತಕ ಕಾಲಿನ ಬೆಲ್ಟು. ಊರಿನ ಸೈಕಲ್ ಶಾಪಿನವರೇ ಇವುಗಳಲ್ಲಿ ಹೆಚ್ಚಿನ ಕೆಲಸ ಮಾಡಬಲ್ಲರು. ಪ್ರತಿ ಪಂಚಾಯಿತಿಗೂ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಜನರ ಬಾಯಲ್ಲಿ ವಿಆರ್‌ಡಬ್ಲ್ಯುಗಳು, ಇದ್ದಾರೆ. ಯಾರ ಮನೆಯಲ್ಲಿ ಯಾವ ಸಾಧನ ಕೆಟ್ಟು ಕೂತಿದೆ ಎಂಬ ಪಟ್ಟಿಯನ್ನು ಅವರು ಮಾಡಬಲ್ಲರು. ಆ ಪಟ್ಟಿಯನ್ನು ಅಂದಾಜು ವೆಚ್ಚದೊಂದಿಗೆ ಗ್ರಾಮ ಸಭೆಯಲ್ಲಿ ಓದಿಸಿ, ಸಾಧನಗಳ ದುರಸ್ತಿ ಮತ್ತು ಬಿಡಿಭಾಗ ಎಂಬ ಬಾಬತ್ತಿನಲ್ಲಿ ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಗೆ ಸೇರಿಸಿದರೆ, ಬಿಲ್ಲಿನ ಮೇಲೆ ಪಿಡಿಒ ಹಣ ಪಾವತಿಸಬಹುದು. ಕ್ರಿಯಾ ಯೋಜನೆ ಸಿದ್ಧವಾಗುವ ಮುನ್ನ ನಡೆಯುವ ಗ್ರಾಮ ಸಭೆಗೇ ಈ ಬೇಡಿಕೆ ಹೋಗಬೇಕು. ಅದು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.